ಹೆಬ್ಬೆರಳು ಮುಟ್ಟದ ಕೀಲಿ

“ನಿಲ್ಲಿಸು. ಸ್ವಲ್ಪ ಹಿಂದಕ್ಕೆ ಹೋಗು. ಇನ್ನೊಂದು ಸಲ ನೋಡೋಣ,” ಅಂದಳು ವಿಮೆಯಕ್ಕ.

ಆ ಮನೆಯ ಸೊಸೆ ಮೌಸ್ ಮುಟ್ಟಲಿಲ್ಲ. ಎಡಬಾಣದ ಕೀಲಿ ಒತ್ತಿದಳು. ಪರದೆಯ ಮೇಲಿನ ದೃಶ್ಯ ಹಿಂದಕ್ಕೆ ಜಾರಿತು. ಖಾಲಿ ಹಾಳೆಯೊಂದು ತೆರೆದುಕೊಂಡು, ಅದೇ ಅಕ್ಷರಗಳು ಮತ್ತೆ ಒಂದೊಂದಾಗಿ ಮೂಡತೊಡಗಿದವು. ‘ನಾನು ನನ್ನ ಇಷ್ಟದಿಂದಲೇ ಮನೆ ಬಿಟ್ಟು ಹೋಗುತ್ತಿದ್ದೇನೆ. ಯಾರೂ ಹುಡುಕಬೇಡಿ. ಇದಕ್ಕೆ ಯಾರೂ ಕಾರಣರಲ್ಲ.’

“ಬೆಳಿಗ್ಗೆಯಿಂದ ಇದನ್ನೇ ಎಷ್ಟು ಸಲ ನೋಡ್ತೀರಿ ಅಕ್ಕ?” ಸೊಸೆಯ ದನಿ ಸೋತಿತ್ತು. “ಪೊಲೀಸರೂ ನೋಡಿದ್ರು. ಓದಿದ್ರು, ಬರ್ಕೊಂಡ್ರು, ಹೋದ್ರು.”

“ಅವರು ಓದಿದ್ರು. ನಾನು ಓದ್ತಾ ಇಲ್ಲ.”

ಕೂತು ಮಾಡಬೇಕಾದ ಕೆಲಸ ಅದು. ಆದರೆ ವಿಮೆಯಕ್ಕನನ್ನು ಕುರ್ಚಿಯಲ್ಲಿ ಕೂರಿಸುವುದೂ ಒಂದೇ, ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದೂ ಒಂದೇ. ವಿಮಾ ಕಂಪನಿಗಾಗಿ ಸುಟ್ಟ ಅಂಗಡಿ, ಮುಳುಗಿದ ಗೋದಾಮು, ಕಳುವಾದ ಲಾರಿಗಳ ಸುಳ್ಳು ನಿಜ ಹುಡುಕುತ್ತ ಅರ್ಧ ಆಯಸ್ಸು ಅಲೆದವಳು. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದರೂ ಹೆಸರು ಬಿಡಲಿಲ್ಲ, ಅಲೆದಾಟವೂ ಬಿಡಲಿಲ್ಲ. ಕಿಟಕಿಗೆ ಹೋಗಿ ರಸ್ತೆ ನೋಡುವಳು, ಬಂದು ಪರದೆ ನೋಡುವಳು, ಮುಚ್ಚಿದ ಡ್ರಾಯರನ್ನೇ ಮತ್ತೆ ಎಳೆದು ಮುಚ್ಚುವಳು.

ಇವತ್ತಿನ ತಳಮಳಕ್ಕೆ ಬೇರೆ ಕಾರಣವಿತ್ತು. ಈ ಮನೆಯ ಯಜಮಾನ, ಕಂಪ್ಯೂಟರ್ ಮೇಷ್ಟ್ರು, ಮಂಗಳವಾರ ಮನೆಯಿಂದ ಹೋದವರು ಮರಳಿರಲಿಲ್ಲ. ಗುರುವಾರ ಮಧ್ಯಾಹ್ನ ಅವರ ಹೆಸರಿನಲ್ಲಿ ಎಲ್ಲರಿಗೂ ಈ ಮೇಲ್ ಬಂತು, ಅದೂ ಇದೇ ಕೋಣೆಯ ಇದೇ ಯಂತ್ರದಿಂದ ಹೊರಟು. ಆ ಹೊತ್ತಿನಲ್ಲಿ ಮನೆಯೊಳಗಿದ್ದವಳು ಸೊಸೆ ಒಬ್ಬಳೇ.

“ಮೇಷ್ಟ್ರು ಮನೇಲಿಲ್ಲ, ಮೇಲ್ ಮನೆಯಿಂದ ಹೋಗಿದೆ, ಮನೇಲಿದ್ದದ್ದು ಆಯಮ್ಮ. ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಮೇಡಂ?” ಎಂದು ಇನ್‌ಸ್ಪೆಕ್ಟರ್ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದ. “ಮೇಷ್ಟ್ರು ಹೋಗೋ ಮುಂಚಿನ ದಿನ ಮಾವ ಸೊಸೆ ಕಿತ್ತಾಡಿದ್ದನ್ನ ಬೀದಿಯೇ ಕೇಳಿದೆ. ಸಂಜೆ ಬರ್ತೀನಿ. ಅಷ್ಟರಲ್ಲಿ ನಿಮಗೆ ಬೇರೆ ಸಾಕ್ಷಿ ಸಿಕ್ಕಿದ್ರೆ ಸಂತೋಷ. ಇಲ್ಲದಿದ್ರೆ ಕರ್ಕೊಂಡು ಹೋಗ್ತೀನಿ.”

ಆತ ಕೆಟ್ಟವನಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು. ಅಂಥವರಿಂದ ನಿರಪರಾಧಿಗಳು ಒಳಗೆ ಹೋಗಿ ವರ್ಷಗಟ್ಟಲೆ ಕೂತದ್ದನ್ನು ವಿಮೆಯಕ್ಕ ಕಣ್ಣಾರೆ ಕಂಡಿದ್ದಳು.

ಜಗಳವಾದದ್ದು ನಿಜ. ಅದನ್ನು ಸೊಸೆಯೂ ಅಲ್ಲಗಳೆದಿರಲಿಲ್ಲ. ಕಾರಣ ಕೇಳಿದರೆ ಯಾರಾದರೂ ನಕ್ಕಾರು.

ಕೋಣೆಯ ಉದ್ದಕ್ಕೂ ಒಂದು ಮೇಜು, ಅದರ ಮೇಲೆ ಮೂರು ಯಂತ್ರಗಳು. ಒಂದು ವಿಂಡೋಸ್, ಒಂದು ಮ್ಯಾಕ್, ಇನ್ನೊಂದು ಲಿನಕ್ಸ್. ಮೂರರ ಕೀಬೋರ್ಡಿಗೂ ಮೇಷ್ಟ್ರು ಹೆಂಡತಿಯ ಉಗುರಿನ ಬಣ್ಣ ಕದ್ದು ತಂದು ಬಳಿದಿದ್ದರು. ನಕಲು ಮಾಡುವ ಕೀಲಿಗೆ ಕೆಂಪು, ಉಳಿಸುವ ಕೀಲಿಗೆ ಗುಲಾಬಿ. ಒಂದೇ ಬಣ್ಣ ಒಂದು ಯಂತ್ರದಲ್ಲಿ ಮೂಲೆಯಲ್ಲಿ, ಇನ್ನೊಂದರಲ್ಲಿ ನಡುವೆ. ಇದನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. ಮನೆ ಬದಲಾದರೆ ಬೆರಳೇಕೆ ಬದಲಾಗಬೇಕು ಎಂಬುದು ಅವರ ಪ್ರಶ್ನೆ. ಯಾವ ಯಂತ್ರದ ಮುಂದೆ ಕೂತರೂ ಒಂದೇ ಕೆಲಸಕ್ಕೆ ಒಂದೇ ಕೀಲಿ ಸಾಕೆನ್ನುವ ಹಾಗೆ ‘ಒಂದೇ ಬೆರಳು’ ಅನ್ನುವ ತಂತ್ರಾಂಶ ಬರೆದು ಮುಗಿಸಿದ್ದರು. ಅದನ್ನು ಕಲಿಸುವ ವಿಡಿಯೋ ಪಾಠಗಳನ್ನು ಮಾವ ಸೊಸೆ ಸೇರಿ ಮಾಡುತ್ತಿದ್ದರು.

ಸೊಸೆ ತನ್ನ ಪಾಲಿನ ಪಾಠಗಳಲ್ಲಿ ಬೇರೆಯೇ ಹೇಳಿದ್ದಳು. ಹೋದ ಮನೆಯ ರೀತಿ ಕಲಿತರೆ ಆಯಿತು, ಮನೆಯನ್ನೇ ಕೆಡವಿ ಕಟ್ಟಬೇಕಿಲ್ಲ, ಅಂತ. ಮೇಷ್ಟ್ರು ಸಿಟ್ಟಿನಲ್ಲಿ ಅವಳ ಪಾಠಗಳನ್ನೆಲ್ಲ ಅಳಿಸಿಹಾಕಿದರು. ತಿಂಗಳುಗಟ್ಟಲೆ ಪಟ್ಟ ಶ್ರಮ ಅದು. ಅವಳು ಮೈಮೇಲೆ ಎಚ್ಚರವಿಲ್ಲದೆ, “ಒಂದು ದಿನ ನಿಮ್ಮನ್ನೂ ಹೀಗೇ ಇಲ್ಲದ ಹಾಗೆ ಮಾಡ್ತೀನಿ,” ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಇದು ನೇರ ಪೊಲೀಸ್ ಠಾಣೆಗೇ ಹೋಗಿತ್ತು.

“ಇಲ್ಲಿ. ಇಲ್ಲಿ ನಿಲ್ಲಿಸು,” ಅಂದಳು ವಿಮೆಯಕ್ಕ.

ದೃಶ್ಯ ನಿಂತಿತು. ಮೇಷ್ಟ್ರ ಈ ವಿಂಡೋಸ್ ಯಂತ್ರದಲ್ಲಿ ಯಾರು ಕೀಲಿ ಮುಟ್ಟಿದರೂ ಪರದೆಯ ಮೇಲೆ ನಡೆದದ್ದೆಲ್ಲ ತಾನಾಗಿ ದಾಖಲಾಗುತ್ತಿತ್ತು. ಪಾಠ ಕೇಳುವವರಿಗೆ ಅನುಕೂಲವಾಗಲೆಂದು, ಒತ್ತಿದ ಕೀಲಿ ಯಾವುದೆಂದು ಪರದೆಯ ಕೆಳಮೂಲೆಯಲ್ಲಿ ಮೂಡುವ ಏರ್ಪಾಡೂ ಇತ್ತು. ಪೊಲೀಸರು ಹಾಳೆಯ ಮೇಲಿನ ಬರಹ ಓದಿದ್ದರು. ವಿಮೆಯಕ್ಕ ಆ ಮೂಲೆಯನ್ನು ನೋಡುತ್ತಿದ್ದಳು.

“ಬರೆದಾಯ್ತು. ಈಗ ಇದನ್ನೆಲ್ಲ ಆಯ್ಕೆ ಮಾಡಿ ಮೇಲ್‌ಗೆ ಹಾಕ್ಬೇಕು. ಏನು ಒತ್ತಿದ್ದಾರೆ ನೋಡು.”

ಮೂಲೆಯಲ್ಲಿ ವಿಂಡೋಸ್‌ನ ಕಿಟಕಿ ಗುರುತೂ ಅದರ ಪಕ್ಕ ಎ ಅಕ್ಷರವೂ ಇದ್ದವು. ಬರಹ ಆಯ್ಕೆಯಾಗುವ ಬದಲು, ಪರದೆಯ ಬಲಗಡೆಯಿಂದ ಏನೋ ಒಂದು ಪಟ್ಟಿ ಕರೆಯದೆ ಬಂದ ನೆಂಟನ ಹಾಗೆ ತೆರೆದುಕೊಂಡಿತ್ತು. ಬರೆದವರು ಅದನ್ನು ಮುಚ್ಚಿ ಮತ್ತೆ ಅದನ್ನೇ ಒತ್ತಿದ್ದರು. ಪಟ್ಟಿ ಮತ್ತೆ ಬಂತು. ಆಮೇಲೆ ನೆನಪಾದವರಂತೆ ಕಂಟ್ರೋಲ್ ಒತ್ತಿ ಕೆಲಸ ಮುಗಿಸಿದ್ದರು.

“ಗಾಬರೀಲಿ ಕೈ ತಪ್ಪಿರಬೇಕು,” ಅಂದಳು ಸೊಸೆ.

“ಎರಡು ಸಲ ಒಂದೇ ಥರ ತಪ್ಪಿದ್ರೆ ಅದು ತಪ್ಪಲ್ಲ ತಾಯಿ, ಅಭ್ಯಾಸ. ನೀನು ಎಲ್ಲ ಆಯ್ಕೆ ಮಾಡೋಕೆ ಯಾವ ಕೀಲಿ ಒತ್ತುತ್ತೀಯ? ಯೋಚನೆ ಮಾಡಬೇಡ, ಒತ್ತು.”

ಸೊಸೆಯ ಕಿರುಬೆರಳು ತಾನಾಗಿ ಮೂಲೆಯ ಕಂಟ್ರೋಲ್ ಮೇಲೆ ಬಂದು ಕೂತಿತು.

“ನಿಮ್ಮ ಮಾವ?”

“ಅವರೂ ಇದೇ.”

“ಸ್ಪೇಸ್ ಬಾರ್ ಪಕ್ಕದ ಕೀಲೀನ ಹೆಬ್ಬೆರಳಲ್ಲಿ ಒತ್ತೋರು ಯಾರು?”

“ಮ್ಯಾಕ್‌ನವರು. ಅಲ್ಲಿ ಕಮಾಂಡ್ ಅದೇ ಜಾಗದಲ್ಲಿರುತ್ತೆ.” ಸೊಸೆಗೆ ಮಾತಿನಲ್ಲಿ ಸ್ವಲ್ಪ ಜೀವ ಬಂತು. “ಹಾಗಾದ್ರೆ ಯಾರೋ ಮ್ಯಾಕ್ ಅಭ್ಯಾಸ ಇದ್ದೋರು ಬಂದು ಇಲ್ಲಿ ಕೂತಿದ್ರು ಅಂತಾನಾ?”

“ನಾನೂ ಹಾಗೇ ಅಂದ್ಕೊಂಡಿದ್ದೆ. ನೀನು ಬಾಗಿಲು ಹಾಕ್ಕೊಂಡು ಅಡುಗೆಮನೇಲಿ ಇರುವಾಗ ಅವರು ಗೋಡೆ ತೂರಿ ಬಂದ್ರಾ ಅಂತ ತಲೆ ಕೆಡಿಸ್ಕೊಂಡಿದ್ದೆ.” ವಿಮೆಯಕ್ಕ ಬಗ್ಗಿ ಕೀಬೋರ್ಡಿನ ಮೇಲೆ ಬೆರಳಿಟ್ಟಳು. “ಈಗ ನೋಡು. ಈ ಯಂತ್ರದಲ್ಲಿ ಸ್ಪೇಸ್ ಬಾರ್ ಪಕ್ಕ ಇರೋದು ಯಾವುದು?”

“ಆಲ್ಟ್.”

“ಅದರ ಆಚೆಗೆ?”

“ಕಿಟಕಿ ಗುರುತಿನ ಕೀಲಿ.”

“ಮ್ಯಾಕ್‌ನವನು ಇಲ್ಲಿ ಬಂದು ಕೂತಿದ್ರೆ ಅವನ ಹೆಬ್ಬೆರಳು ಬೀಳ್ತಿದ್ದದ್ದು ಆಲ್ಟ್ ಮೇಲೆ. ಮೂಲೇಲಿ ಆಲ್ಟ್ ಅಂತ ಬರ್ಬೇಕಿತ್ತು. ಬಂದಿರೋದು ಕಿಟಕಿ. ಅಂದ್ರೆ ಇಲ್ಲಿ ಯಾರೂ ಕೂತೇ ಇರಲಿಲ್ಲ.”

ಬೆಳಿಗ್ಗೆಯಿಂದ ವಿಮೆಯಕ್ಕ ಮೇಷ್ಟ್ರ ಪಾಠಗಳನ್ನೇ ಒಂದರ ಮೇಲೊಂದು ನೋಡಿದ್ದಳು. ಒಂದು ಪಾಠದಲ್ಲಿ ಮೇಷ್ಟ್ರು ಕನ್ನಡಕ ಹಣೆಗೇರಿಸಿ, ದೂರದ ಒಂದು ಮ್ಯಾಕ್‌ನಲ್ಲಿ ಕೂತು ವಿಂಡೋಸ್ ಯಂತ್ರವನ್ನು ನಡೆಸುವುದು ಹೇಗೆಂದು ತೋರಿಸುತ್ತಾರೆ. ಅಲ್ಲಿ ಒತ್ತಿದ ಕಮಾಂಡ್ ಇಲ್ಲಿಗೆ ಕಿಟಕಿ ಕೀಲಿಯಾಗಿ ಬಂದು ಇಳಿಯುತ್ತದೆಂದು ಹೇಳಿ, ಇಂಥ ಅಧ್ವಾನಕ್ಕೇ ನನ್ನ ತಂತ್ರಾಂಶ ಬೇಕಾಗಿರೋದು ಎಂದು ಮೇಜು ಕುಟ್ಟುತ್ತಾರೆ. ಆ ಮೇಜಿನ ಮೇಲೆ ಈಗ ವಿಮೆಯಕ್ಕನ ಕೈಯಿತ್ತು.

“ನೀನು ಬಚಾವಾದೆ,” ಅಂದಳು. “ಇದನ್ನ ಬರೆದೋರು ಬೇರೆಲ್ಲೋ ಮ್ಯಾಕ್ ಮುಂದೆ ಕೂತಿದ್ರು. ಅಲ್ಲಿಂದ ಈ ಯಂತ್ರಕ್ಕೆ ಬರೋಕೆ ಯಾರಿಗೆ ದಾರಿ ಇದೆ?”

ಸೊಸೆ ಹಿಗ್ಗಬೇಕಿತ್ತು. ಆದರೆ ಅವಳ ಮುಖ ಸುಣ್ಣ ಬಳಿದ ಗೋಡೆಯಾಯಿತು. ಕೈ ಮಡಿಲಿಗೆ ಜಾರಿತು.

“ನನಗೆ ಗೊತ್ತಿಲ್ಲ,” ಅಂದಳು. ಕ್ಷಣ ಬಿಟ್ಟು, “ನಾನೇ ಮರೆತು ಕಿಟಕಿ ಕೀಲಿ ಒತ್ತಿರಬಹುದು ಅಕ್ಕ,” ಅಂದಳು.

ವಿಮೆಯಕ್ಕನಿಗೆ ಅಯ್ಯೋ ಅನ್ನಿಸಿತು. ಸುಳ್ಳು ಹೇಳಲು ಬಾರದವರು ಸುಳ್ಳು ಹೇಳುವುದನ್ನು ನೋಡುವುದು ಅವಳಿಗೆ ಯಾವತ್ತೂ ಕಷ್ಟವೇ. ಮೇಷ್ಟ್ರ ಮಗ, ಈ ಹುಡುಗಿಯ ಗಂಡ, ಜಾಹೀರಾತಿಗೆ ಚಿತ್ರ ಬಿಡಿಸುವ ಕಚೇರಿಯಲ್ಲಿದ್ದಾನೆ. ಅಲ್ಲಿ ಎಲ್ಲವೂ ಮ್ಯಾಕ್. ಅಪ್ಪನ ಯಂತ್ರ ಕೆಟ್ಟರೆ ಅಲ್ಲಿಂದಲೇ ಸರಿಮಾಡಿಕೊಡುತ್ತಿದ್ದವನು ಅವನೇ ಎಂದು ನಿನ್ನೆ ಅವನ ತಾಯಿಯೇ ಅಳುವಿನ ನಡುವೆ ಹೇಳಿದ್ದರು.

ಹೊರಗೆ ಗೇಟಿನ ಸದ್ದಾಯಿತು. ವಿಮೆಯಕ್ಕ ಫೋನ್ ಮಾಡಿ ಕರೆಸಿದ್ದ ಮಗನೇ ಬಂದಿದ್ದ.

ಅವನು ಒಳಗೆ ಬಂದ ರೀತಿಯೇ ಎಲ್ಲ ಹೇಳುತ್ತಿತ್ತು. ಚಪ್ಪಲಿ ಒಂದು ಅಲ್ಲಿ, ಒಂದು ಇಲ್ಲಿ. ಹೆಂಡತಿಯನ್ನು ನೋಡಿಯೂ ನೋಡದವನಂತೆ ಕಣ್ಣು ತಿರುಗಿಸಿಕೊಂಡ. ಅವನ ಹಿಂದೆಯೇ ಮೇಷ್ಟ್ರ ಹೆಂಡತಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಿನ್ನೆ ಬೆಳಿಗ್ಗೆ ವಿಮೆಯಕ್ಕನ ಕಚೇರಿಗೆ ಬಂದು, “ನಮ್ಮೋರನ್ನ ಹುಡುಕಿಕೊಡಿ,” ಎಂದು ಅತ್ತವರು ಅವರೇ. ಆಗಿನಿಂದ ಅತ್ತಿದ್ದು ಬಿಟ್ಟರೆ ಹೆಚ್ಚಿಗೆ ಮಾತಾಡಿರಲಿಲ್ಲ.

“ಕೂತ್ಕೋ,” ಅಂದಳು ವಿಮೆಯಕ್ಕ. “ಇಲ್ಲಿ, ನಿಮ್ಮಪ್ಪನ ಜಾಗದಲ್ಲಿ. ಏನಾದ್ರೂ ಎರಡು ಸಾಲು ಬರಿ. ಬರೆದದ್ದನ್ನ ಎಲ್ಲ ನಕಲು ಮಾಡು.”

“ಈಗ ಯಾಕೆ?”

“ಮುದುಕಿ ಕೇಳ್ತಾಳೆ, ಮಾಡು.”

ಅವನು ಬರೆದ. ಬರೆದು ಮುಗಿಸಿದ್ದೇ ಹೆಬ್ಬೆರಳು ಒಳಕ್ಕೆ ಮಡಚಿ ಸ್ಪೇಸ್ ಬಾರ್ ಪಕ್ಕಕ್ಕೆ ಜಾರಿತು. ಯಂತ್ರ ಟಣ್ ಎಂದು ಗೊಣಗಿತು. ಕೆಳಮೂಲೆಯಲ್ಲಿ ಆಲ್ಟ್ ಎಂದು ಮೂಡಿತು.

“ಥತ್,” ಎಂದು ಅವನು ಕಂಟ್ರೋಲ್‌ಗೆ ಕೈ ಹಾಕಿದ.

“ಸಾಕು. ನೀನು ಇಲ್ಲಿ ಕೂತ್ರೆ ಆಲ್ಟ್ ಬರುತ್ತೆ. ನಿನ್ನ ಕಚೇರೀಲಿ ಕೂತು ಇಲ್ಲಿಗೆ ಕೈ ಚಾಚಿದ್ರೆ ಏನು ಬರುತ್ತೆ?”

ಮಗ ಕೀಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದ.

“ನಾನು ಗುರುವಾರ ಕೆಲಸಕ್ಕೆ ಹೋಗಿದ್ದೆ,” ಅಂದ. “ಎಲ್ಲರೂ ನೋಡಿದ್ದಾರೆ. ಬೇಕಾದ್ರೆ ಕೇಳಿ.”

“ನೀನು ಕಚೇರೀಲಿದ್ದೆ ಅಂತ ನಾನೂ ಹೇಳ್ತಿದ್ದೀನಪ್ಪ. ಇಲ್ಲಿದ್ದೆ ಅಂತ ಯಾರು ಅಂದ್ರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನ ಗತಿ. ಹೆಂಡತಿಯತ್ತ ನೋಡಿದ. ಅವಳು ತಲೆ ಎತ್ತಲಿಲ್ಲ.

“ಅವರನ್ನ ಬಿಡಿ ಅಕ್ಕ,” ಅಂದಳು ಅವಳು ನೆಲ ನೋಡುತ್ತ. “ಅವರಿಗೆ ಮಾವನ ಮೇಲೆ ಏನು ದ್ವೇಷ?”

“ದ್ವೇಷದ ಮಾತು ನಾನು ಎತ್ತಿಲ್ಲ. ಆ ಮೇಲ್ ಯಾಕೆ ಬರೆದೆ ಅಂತ ಅಷ್ಟೇ ಕೇಳ್ತಿದ್ದೀನಿ. ಸಂಜೆ ಜೀಪು ಬಂದು ನಿಲ್ಲುತ್ತಪ್ಪ. ನೀನು ಬಾಯಿ ಬಿಡದಿದ್ರೆ ಅವರು ಕೈ ಹಿಡಿದು ಕರ್ಕೊಂಡು ಹೋಗೋದು ಇವಳನ್ನ. ಅದನ್ನ ನೋಡ್ಕೊಂಡು ನಿಲ್ತೀಯಾ?”

ಮಗ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

“ಇವಳಿಗೋಸ್ಕರವೇ ಬರೆದದ್ದು,” ಅಂದ.

ಮೇಜಿನ ಅಂಚು ನೋಡುತ್ತ ಮುಂದುವರಿಸಿದ.

“ಜಗಳ ಆದ ಮಾರನೇ ದಿನ ಮಧ್ಯಾಹ್ನ ಇವಳಿಂದ ನನಗೆ ಮೆಸೇಜು ಬಂತು. ಮಾವ ಇಲ್ಲ, ಊಟಕ್ಕೆ ಮನೆಗೆ ಬರಬೇಡಿ, ಫೋನೂ ಮಾಡಬೇಡಿ ಅಂತ. ರಾತ್ರಿ ಬಂದು ನೋಡಿದ್ರೆ ಅಪ್ಪ ಇಲ್ಲ, ಇವಳು ಮಾತಾಡ್ತಾ ಇಲ್ಲ. ನನಗೆ ಕೇಳೋಕೆ ಧೈರ್ಯ ಬರಲಿಲ್ಲ ಅಕ್ಕ. ಕೇಳಿದ್ರೆ ಹೌದು ಅಂದುಬಿಡ್ತಾಳೇನೋ ಅಂತ ಭಯ. ಬುಧವಾರ ‘ಒಂದೇ ಬೆರಳು’ಗೆ ದುಡ್ಡು ಹಾಕಿದ ಅಪ್ಪನ ಪಾಲುದಾರರು ಬಂದು ಎಲ್ಲಿ ನಿಮ್ಮಪ್ಪ ಅಂತ ಕೂಗಾಡಿದ್ರು. ಪೊಲೀಸಿಗೆ ಹೇಳ್ತೀನಿ ಅಂದ್ರು. ಅಪ್ಪ ತಾನಾಗೇ ಹೋದ್ರು ಅಂತ ಎಲ್ಲರೂ ನಂಬಿದ್ರೆ ಇವಳು ಉಳ್ಕೋತಾಳೆ ಅಂತ ಅನ್ನಿಸ್ತು. ಅಪ್ಪನ ಮೇಲ್ ತೆರೆಯೋದು ಈ ಯಂತ್ರದಲ್ಲಿ ಮಾತ್ರ. ಅದಕ್ಕೇ ಇದರೊಳಗೆ ಬಂದು ಬರೆದೆ. ಯಾವ ಯಂತ್ರದಿಂದ ಹೋಯ್ತು ಅಂತ ಪೊಲೀಸರು ಹುಡುಕ್ತಾರೆ, ಆಗ ಇವಳೊಬ್ಬಳೇ ಮನೇಲಿರ್ತಾಳೆ ಅನ್ನೋದು ನನ್ನ ತಲೆಗೆ ಹೊಳೀಲೇ ಇಲ್ಲ.”

ಬಾವಿಗೆ ಬಿದ್ದವಳಿಗೆಂದು ಹಗ್ಗ ಬಿಟ್ಟವನು ಅದನ್ನು ನೇರ ಕುತ್ತಿಗೆಗೇ ಹಾಕಿದ್ದ. ಬೈಯಬೇಕೋ ಮರುಗಬೇಕೋ ವಿಮೆಯಕ್ಕನಿಗೆ ತಿಳಿಯಲಿಲ್ಲ.

“ನಿಜ ಹೇಳಿಬಿಡೋಣ ಅಂತ ನಿನ್ನೆ ಬೆಳಿಗ್ಗೆ, ಇವತ್ತು ಬೆಳಿಗ್ಗೆ ಠಾಣೆ ತನಕ ಹೋದೆ,” ಅಂದ ಅವನು. “ಗೇಟಿನಿಂದಲೇ ತಿರುಗಿ ಬಂದೆ.”

ಸೊಸೆ ಈಗ ತಲೆ ಎತ್ತಿದ್ದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಸಿಟ್ಟು.

“ರೀ, ನಾನು ನಿಮ್ಮಪ್ಪನಿಗೆ ಏನೋ ಮಾಡಿದ್ದೀನಿ ಅಂದ್ಕೊಂಡ್ರಾ? ಇಷ್ಟು ದಿನ ಪಕ್ಕದಲ್ಲೇ ಮಲಗಿ, ಒಂದು ಮಾತು ಕೇಳದೆ?”

“ನೀನೂ ಕೇಳಲಿಲ್ಲವಲ್ಲ.”

“ನಾನು ಏನಂತ ಕೇಳ್ಲಿ? ನೀವು ನನ್ನ ಮುಖ ನೋಡ್ತಿರಲಿಲ್ಲ. ಮಾವ ನನ್ನ ಪಾಠ ಅಳಿಸಿದ ಸಿಟ್ಟಿಗೆ ಅವರನ್ನ ಮನೆ ಬಿಡಿಸಿದವಳು ನಾನೇ ಅಂತ ನಿಮಗೆ ಕೋಪ ಇರಬೇಕು ಅಂದ್ಕೊಂಡೆ.” ಅವಳು ಮೂಗು ಒರೆಸಿಕೊಂಡಳು. “ನಾನು ನಿಮಗೆ ಯಾವ ಮೆಸೇಜೂ ಕಳಿಸಿಲ್ಲ.”

ಮಗ ತನ್ನ ಫೋನು ತೆಗೆದು ಅವಳ ಮುಂದೆ ಹಿಡಿದ. ಅವಳ ಹೆಸರೇ ಇತ್ತು. ಅವಳು ತನ್ನ ಫೋನು ತೆಗೆದು ತೋರಿಸಿದಳು. ಅದರಲ್ಲಿ ಆ ಮೆಸೇಜು ಇರಲಿಲ್ಲ.

“ಅಳಿಸಿದ್ದಾರೆ,” ಅಂದಳು ವಿಮೆಯಕ್ಕ. “ಮಂಗಳವಾರ ಮಧ್ಯಾಹ್ನ ನಿನ್ನ ಫೋನು ಎಲ್ಲಿತ್ತು?”

ಉತ್ತರ ಬಾಗಿಲಿನಿಂದ ಬಂತು.

“ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದಳು. ಕಳಿಸಿದ್ದು ನಾನು.”

ಮೇಷ್ಟ್ರ ಹೆಂಡತಿ ಒಳಗೆ ಬಂದು, ಗಂಡನ ಕುರ್ಚಿಯ ಬೆನ್ನು ಹಿಡಿದು ನಿಂತರು. ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದವರ ಹಾಗಿದ್ದರು.

“ಅಮ್ಮಾ,” ಅಂದ ಮಗ.

“ನಾನು ಹೇಳಿದ್ರೆ ನೀನು ಯಾವತ್ತು ಕೇಳಿದ್ದೀಯ? ಊಟಕ್ಕೆ ಬರಬೇಡ ಅಂದ್ರೆ ಯಾಕೆ ಏನು ಅಂತ ನೂರು ಪ್ರಶ್ನೆ ಕೇಳಿ ಬಂದೇ ಬರ್ತೀಯ. ಹೆಂಡತಿ ಹೇಳಿದ್ರೆ ಸುಮ್ಮನೆ ಕೇಳ್ತೀಯ. ಅದಕ್ಕೇ ಅವಳ ಫೋನಿಂದ ಕಳಿಸಿದೆ. ನಿಮ್ಮಪ್ಪ ಬ್ಯಾಗ್ ತಗೊಂಡು ಹೊರಡೋದನ್ನ ನೀನು ನೋಡಬಾರದಿತ್ತು.”

ವಿಮೆಯಕ್ಕ ಅವರತ್ತ ತಿರುಗಿದಳು. ನಿನ್ನೆಯಿಂದ ಅವಳನ್ನು ಒಂದು ಪ್ರಶ್ನೆ ಕೊರೆಯುತ್ತಿತ್ತು. ಮಂಗಳವಾರ ಗಂಡ ಕಾಣೆಯಾದರೆ ಹೆಂಡತಿ ಶುಕ್ರವಾರ ಬಂದು ಅಳುವುದೇಕೆ? ಬುಧವಾರ, ಗುರುವಾರ ಆ ಕಣ್ಣೀರು ಎಲ್ಲಿತ್ತು?

“ನಿಮಗೆ ಗೊತ್ತಿತ್ತು,” ಅಂದಳು. “ಮೇಷ್ಟ್ರು ಬಚ್ಚಿಟ್ಟುಕೊಂಡಿದ್ರು.”

“ಹೂಂ. ಪಾಲುದಾರರಿಗೆ ಶುಕ್ರವಾರದೊಳಗೆ ಇವರ ಸಹಿ ಬೇಕಿತ್ತು. ‘ಒಂದೇ ಬೆರಳು’ ಒಳಗೆ ಒಂದು ಕಿವಿ ಇಡಬೇಕಂತೆ. ಜನ ಯಾವ ಕೀಲಿ ಒತ್ತುತ್ತಾರೆ, ಏನೇನು ಬರೀತಾರೆ ಅಂತ ಕದ್ದು ಕೇಳಿ ಯಾರಿಗೋ ಕೊಡೋಕೆ. ಇವರು ಆಗಲ್ಲ ಅಂದ್ರು. ಅವರು ಬಿಡಲ್ಲ ಅಂದ್ರು. ಆ ದಿನ ದಾಟೋ ತನಕ ಎಲ್ಲಾದ್ರೂ ಇದ್ದು ಬರ್ತೀನಿ, ನಿನಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು ಅಂತ ಮಾತು ತಗೊಂಡು ಹೋದ್ರು. ಹೊಸ ನಂಬರು ತಗೊಂಡಿದ್ರು. ರಾತ್ರಿ ರಾತ್ರಿ ಮಾತಾಡ್ತಿದ್ರು.”

“ಅಂದ್ರೆ ಅಪ್ಪ ಬದುಕಿದ್ದಾರೆ,” ಮಗ ಎದ್ದು ನಿಂತ. ಅವನ ಮುಖದಲ್ಲಿ ನಗುವೊಂದು ಬರುವುದೋ ಬೇಡವೋ ಎಂದು ಅಳುಕುತ್ತಿತ್ತು.

ತಾಯಿ ಅವನನ್ನು ನೋಡಲಿಲ್ಲ.

“ಗುರುವಾರ ರಾತ್ರಿ ಮೇಲ್ ಬಂದಿರೋ ವಿಷಯ ಹೇಳಿದೆ. ನಾನು ಬರೆದಿಲ್ಲ, ನನ್ನ ಹೆಸರಲ್ಲಿ ಬರೆದವರು ಯಾರು ಅಂತ ಗಾಬರಿಯಾದ್ರು. ಮನೇಲಿ ಏನೋ ಆಗಿದೆ, ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ ಅಂದ್ರು.”

ಮಗನ ಮುಖದಲ್ಲಿ ಅಳುಕುತ್ತಿದ್ದ ನಗು ಅಲ್ಲೇ ಸತ್ತಿತು. ಬಚ್ಚಿಟ್ಟುಕೊಂಡ ಜಾಗದಿಂದ ಅಪ್ಪನನ್ನು ಹೊರಗೆ ಎಳೆದದ್ದು ತಾನು ಬರೆದ ಮೇಲ್ ಎಂದು ಅವನಿಗೆ ಅರ್ಥವಾಗಿತ್ತು.

“ಬರಲಿಲ್ಲ,” ಅಂದಳು ವಿಮೆಯಕ್ಕ.

“ಬರಲಿಲ್ಲ. ನಿನ್ನೆ ಬೆಳಿಗ್ಗೆ ಕಾದು ಕಾದು ನಾನೇ ಫೋನ್ ಮಾಡಿದೆ. ‘ಬಸ್ಸು ಸಿಕ್ತಾ’ ಅಂತ ಕೇಳಿದೆ. ಆ ಕಡೆಯಿಂದ ಬೇರೆ ದನಿ.”

“ಯಾರದು?”

“ಗಂಡಸಿನದು. ‘ಅತ್ತೆ, ನೀವಾ’ ಅಂತು. ಅಷ್ಟೇ. ನಾಲಿಗೆ ಕಚ್ಚಿಕೊಂಡ ಹಾಗೆ ಸುಮ್ಮನಾಯ್ತು, ಫೋನು ಕಟ್ಟಾಯ್ತು. ಆಮೇಲೆ ಎಷ್ಟು ಸಲ ಮಾಡಿದ್ರೂ ಯಾರೂ ಎತ್ತಿಲ್ಲ. ಪೊಲೀಸರ ಹತ್ತಿರ ಹೇಳೋಕೆ ಬಾಯಿ ಬರಲಿಲ್ಲ. ನಿಮ್ಮ ಹತ್ತಿರ ಬಂದೆ, ಅಲ್ಲೂ ಹೇಳೋಕಾಗಲಿಲ್ಲ.”

ಬೆರಳಿಗಿರುವಂತೆ ನಾಲಿಗೆಗೂ ಅಭ್ಯಾಸವಿರುತ್ತದೆ. ವಿಮೆಯಕ್ಕ ಅವರ ಹತ್ತಿರ ಬಂದಳು.

“ನಿಮ್ಮನ್ನ ಅತ್ತೆ ಅಂತ ಯಾರು ಯಾರು ಕರೀತಾರೆ ಅಮ್ಮ?”

“ನನಗೆ ಹೆಣ್ಣುಮಕ್ಕಳಿಲ್ಲ, ಅಳಿಯಂದಿರಿಲ್ಲ. ಒಡಹುಟ್ಟಿದವರು ನನಗೂ ಇಲ್ಲ, ಅವರಿಗೂ ಇಲ್ಲ.” ಅವರ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. “ಈ ಭೂಮಿ ಮೇಲೆ ನನ್ನನ್ನ ಹಾಗೆ ಕರೆಯೋರು ಇಬ್ಬರೇ. ಇವಳೊಬ್ಬಳು. ಇವಳು ಕರೆಯೋದನ್ನ ಕೇಳಿ ಕಲಿತ ಇವಳ ತಮ್ಮ.”

“ಅವನು ಪಾಲುದಾರರ ಕಾರು ಓಡಿಸ್ತಾನೆ,” ಅಂದ ಮಗ ಪಿಸುದನಿಯಲ್ಲಿ. “ಅಪ್ಪನೇ ಹೇಳಿ ಕೆಲಸ ಕೊಡಿಸಿದ್ದು. ಅಂದ್ರೆ ಅಪ್ಪ ಈಗ ಅವರ ಕೈಲಿದ್ದಾರೆ.”

ಸೊಸೆ ಕೂತಲ್ಲೇ ಕೂತಿದ್ದಳು. ತಾಯಿ ತೀರಿಕೊಂಡ ಮೇಲೆ ಅವಳೇ ಉಣ್ಣಿಸಿ, ತಲೆ ಬಾಚಿ ಬೆಳೆಸಿದ ತಮ್ಮ ಅವನು. ಅವಳಿಗೆ ಮಗನಿದ್ದ ಹಾಗೆ. ಅತ್ತೆ ಇಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದು ಯಾರನ್ನು ಉಳಿಸಲೆಂದು ಅವಳಿಗೆ ಹೊಳೆದಿತ್ತು. ಅವಳು ಕೈ ಚಾಚಿ ಅತ್ತೆಯ ಕೈ ಮುಟ್ಟಿದಳು.

ಬೀದಿಯಲ್ಲಿ ಜೀಪು ನಿಂತ ಸದ್ದು. ಬಾಗಿಲು ತೆರೆದು ಮುಚ್ಚಿಕೊಂಡಿತು. ಗೇಟಿನ ಕೊಂಡಿ ಕಿರುಗುಟ್ಟಿತು.

“ಒಳ್ಳೆಯದೇ ಆಯ್ತು,” ವಿಮೆಯಕ್ಕ ಬಾಗಿಲತ್ತ ತಿರುಗಿದಳು. “ಮೊದಲು ಇವಳ ಮೇಲಿನ ಅಪವಾದ ಹೋಗಲಿ. ಆಮೇಲೆ ಆ ಹುಡುಗನನ್ನ ಹುಡುಕೋಕೆ ಎಲ್ಲ ಕಡೆ ಜನ ಬಿಡ್ತಾರೆ.”

“ಬೇಡ ಅಕ್ಕ.”

ಸೊಸೆ ಯಂತ್ರದ ಕಡೆ ತಿರುಗಿ ಆಗಿತ್ತು. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ದೃಶ್ಯ ಮುಚ್ಚಿತು. ದಾಖಲೆಗಳ ಕಡತ ತೆರೆಯಿತು. ಕಿರುಬೆರಳು ಮೂಲೆಗೆ ಹೋಯಿತು, ಎಲ್ಲವೂ ಆಯ್ಕೆಯಾಯಿತು. ಮರಳಿ ಸಿಗದಂತೆ ಅಳಿಸುವ ಎರಡು ಕೀಲಿ, ಹೌದೆನ್ನುವ ಒಂದು ಕೀಲಿ. ವಿಮೆಯಕ್ಕ ಮೇಜು ಮುಟ್ಟುವಷ್ಟರಲ್ಲಿ ಪರದೆ ಬರಿದಾಗಿತ್ತು. ಬೇರೆ ಪ್ರತಿ ಇರಲಿಲ್ಲ. ಆಮೇಲೆ ಮಾಡಿಸಿಕೊಂಡರಾಯಿತು ಎಂದು ವಿಮೆಯಕ್ಕನೇ ಮುಂದಕ್ಕೆ ಹಾಕಿದ್ದಳು.

“ಏನು ಮಾಡಿದೆ ನೀನು?”

“ಪೊಲೀಸರು ಹಿಂದೆ ಬಿದ್ದಿದ್ದಾರೆ ಅಂತ ಗೊತ್ತಾದ್ರೆ ಆ ಪಾಲುದಾರ ಮಾವನನ್ನ ಉಳಿಸಲ್ಲ,” ಸೊಸೆ ಎದ್ದಳು. ದನಿ ತಗ್ಗಿಸಿ ಬೇಗ ಬೇಗ ಹೇಳುತ್ತಿದ್ದಳು. “ನನ್ನನ್ನ ಹಿಡಿದ್ರು ಅಂತ ಕೇಳಿದ್ರೆ ಅವನು ನೆಮ್ಮದಿಯಾಗಿರ್ತಾನೆ. ನನ್ನ ತಮ್ಮನಿಗೆ ನೆಮ್ಮದಿ ಇರಲ್ಲ. ಅಕ್ಕ ಒಳಗಿದ್ದಾಳೆ ಅಂತ ಗೊತ್ತಾದ್ರೆ ಅವನು ಎಲ್ಲಿದ್ರೂ ಬರ್ತಾನೆ. ಬಂದ್ರೆ ನಿಮ್ಮ ಹತ್ತಿರ ಮಾತಾಡ್ತಾನೆ. ಕಾಯ್ತಾ ಇರಿ.”

“ಬರದಿದ್ರೆ?”

ಸೊಸೆ ಆಗಲೇ ಬಾಗಿಲು ತೆರೆದಿದ್ದಳು.

“ಏನು ಮೇಡಂ, ಏನಾದ್ರೂ ಸಿಕ್ತಾ?” ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ಮೇಲ್ ಬರೆದದ್ದು ನಾನೇ ಸರ್,” ಅಂದಳು ಸೊಸೆ. “ನಡೀರಿ, ಅಲ್ಲೇ ಹೇಳ್ತೀನಿ.”

“ಸುಳ್ಳು,” ಗಂಡ ಹಿಂದಿನಿಂದ ಮುನ್ನುಗ್ಗಿ ಬಂದ. “ಸರ್, ಬರೆದವನು ನಾನು. ನನ್ನನ್ನ ಕರ್ಕೊಂಡು ಹೋಗಿ.”

ಎರಡು ದಿನ ಠಾಣೆಯ ಗೇಟಿನಿಂದ ತಿರುಗಿ ಬಂದವನಿಗೆ ಈಗ ಕಾಲು ಬಂದಿದ್ದವು, ಬರಬಾರದ ಹೊತ್ತಿನಲ್ಲಿ. ಇನ್‌ಸ್ಪೆಕ್ಟರ್ ಅವನನ್ನೂ ಅವಳನ್ನೂ ನೋಡಿ, ನಿಧಾನವಾಗಿ ವಿಮೆಯಕ್ಕನತ್ತ ತಿರುಗಿದ.

“ಸುಳ್ಳು ಪತ್ತೆ ಮಾಡೋದರಲ್ಲಿ ನೀವು ಎತ್ತಿದ ಕೈ ಅಂತಾರೆ. ಇವರಿಬ್ಬರಲ್ಲಿ ಸುಳ್ಳು ಹೇಳ್ತಿರೋದು ಯಾರು ಮೇಡಂ?”

ಅತ್ತೆ ಕುರ್ಚಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದರು. ಸೊಸೆ ಚಪ್ಪಲಿ ಹಾಕಿಕೊಳ್ಳುತ್ತ ವಿಮೆಯಕ್ಕನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಅವಸರವಿತ್ತು.

ಜೀವನವಿಡೀ ಬೇರೆಯವರ ಸುಳ್ಳು ಹಿಡಿದು ಅನ್ನ ತಿಂದ ವಿಮೆಯಕ್ಕ ಮೊದಲ ಬಾರಿಗೆ ನಿಂತಲ್ಲೇ ನಿಂತಿದ್ದಳು.

“ಗಂಡ,” ಅಂದಳು. “ಹೆಂಡತಿ ಮೇಲಿನ ಪ್ರೀತಿಗೆ ಬಡಬಡಿಸ್ತಿದ್ದಾನೆ. ಬರೆದವಳು ಇವಳೇ. ಕರ್ಕೊಂಡು ಹೋಗಿ.”